ಕಾಲು ತೊಳೆಯುವ ಬಾನಿಯಲ್ಲಿ ಗಂಡು ಹುಳ

ಕಲ್ಲಿನ ಲಾರಿಗಳು ಬರುವ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮರವಂತೆಯ ನಮ್ಮ ಮನೆಯ ಹಿಂದಿನ ದಂಡೆಯನ್ನು ತಿನ್ನುತ್ತಾ ಕಡಲು ಅಂಗಳದ ತೆಂಗಿನ ಬುಡಕ್ಕೇ ಬಂದಿತ್ತು. ತಡೆಗೋಡೆ ಬೇಕೇ ಬೇಕು. ಆದರೆ ಅದೇ ದಂಡೆಯ ಮರಳಿನಲ್ಲಿ ನನ್ನ ಸಂಶೋಧನೆಯ ಹುಳವಿತ್ತು; ಕಲ್ಲು ಬಿದ್ದರೆ ಮತ್ತೆ ಸಿಗದು.

ಹುಳವೆಂದರೆ ನೆಮಟೋಡ್, ಬರಿಗಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳ. ಯಾರ ಹೊಟ್ಟೆಗೂ ಸೇರದೆ ಮರಳಿನ ಕಣಗಳ ನಡುವೆ ತನ್ನ ಪಾಡಿಗೆ ಬದುಕುವಂಥದ್ದು. ಕುಂದಾಪುರದ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಲೆಯ ಪಕ್ಕ ಸುರುಳಿ ಗುರುತು, ಬಾಯೊಳಗೆ ಹಲ್ಲು, ಬಾಲದಲ್ಲಿ ಮರಳಿಗೆ ಅಂಟಿಕೊಳ್ಳುವ ಗೋಂದಿನ ಗ್ರಂಥಿ. ಇಷ್ಟರಿಂದ ಕುಲ ತಿಳಿಯುತ್ತದೆ, ಪ್ರಭೇದ ತಿಳಿಯದು. ಅದಕ್ಕೆ ಗಂಡೇ ಬೇಕು; ಅದರ ಬಾಲದ ಬಳಿ ಕತ್ತಿಯ ಹಾಗೆ ಬಾಗಿದ ಎರಡು ಗಟ್ಟಿ ಮುಳ್ಳುಗಳಿರುತ್ತವೆ, ಅವುಗಳ ಆಕಾರವೇ ಗುರುತು. ನನಗೆ ಸಿಕ್ಕಿದ್ದೆಲ್ಲ ಹೆಣ್ಣು, ಮರಿ. ಹಾಳಾದ್ದು!

"ಹೆಣ್ಣೇ ಸಾಕಲ್ದಾ ಮರಾಯ್ತಿ?" ಮೀನು ಮಾರಿ ಬಂದ ಅಮ್ಮ ನಕ್ಕಳು.

ನಗುವ ಹೊತ್ತೇ ಅದು? ಇಳಿತದ ನೀರಿನ ಅಂಚಿಗೆ ಓಡಿ, ಬಾಟಲಿಗೆ ಮರಳು ತುಂಬಿ ತಂದು ಮೆಟ್ಟಿಲ ಮೇಲಿಟ್ಟು, ಹುಳ ಕೆಡದಂತೆ ಹಾಕುವ ಫಾರ್ಮಲಿನ್ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಬಾಟಲಿಯನ್ನು ಲಕಲಕ ಹೊಳೆಯುವಂತೆ ತೊಳೆದು ಬೋರಲು ಹಾಕಿಯಾಗಿತ್ತು.

ಕಡಲ ಮರಳು, ಅಮ್ಮನ ಬಾಯಲ್ಲಿ ‘ಹೊಯ್ಗಿ’, ನಮ್ಮ ಹೊಸ್ತಿಲು ದಾಟುವಂತಿಲ್ಲ. ಎಲ್ಲರೂ ಮೆಟ್ಟಿಲ ಪಕ್ಕದ ಬಾನಿಯಲ್ಲಿ ಕಾಲು ತೊಳೆದೇ ಒಳಬರಬೇಕು. ಅಮ್ಮ ಬಾಟಲಿಯನ್ನೂ ಅದೇ ಬಾನಿಗೆ ಸುರಿದಿದ್ದಳು. ಅದರಲ್ಲಿದ್ದದ್ದು ಬಾವಿಯ ಸಿಹಿನೀರು. ಕಡಲ ಹುಳ ಅದರಲ್ಲಿ ಉಬ್ಬಿ ಸಾಯುತ್ತದೆ.

"ಎಂತ ಮಾಡಿದ್ದೆ ಅಮ್ಮ! ಎಲ್ಲ ಸತ್ತ್ ಹೋಯ್ತ್!"

"ಹೊಯ್ಗಿ ಒಳ್ಗ್ ತಪ್ಪುಕಾಗ ಅಂದೇಳಿ ನಿಂಗ್ ಗೊತ್ತಿಲ್ಯಾ? ನೀನೂ ಆ ಮದ್ದ್ ಹಾಕಿ ಕೊಲ್ಲುದೇ ಅಲ್ದಾ?"

ಮನೆಯ ಹಿಂದೆ ಲಾರಿಯಿಂದ ಧಡಾರನೆ ಮೊದಲ ಕಲ್ಲು ಬಿತ್ತು. ಸಿಟ್ಟಿನಲ್ಲೇ ಬಾನಿಯ ನೀರು ಸೋಸಿ, ಸಿಕ್ಕಿದ್ದಕ್ಕೆ ಫಾರ್ಮಲಿನ್ ಹಾಕಿ ಕುಂದಾಪುರದ ಬಸ್ಸು ಹತ್ತಿದೆ.

ಸಂಜೆ ಸೂಕ್ಷ್ಮದರ್ಶಕದಡಿ ಒಂದು ಹುಳ ಕಂಡಿತು. ಮೈ ಉಬ್ಬಿ ಹರಿದಿತ್ತು. ಬಾಲದ ಬಳಿ ಆ ಎರಡು ಮುಳ್ಳುಗಳು ಮಾತ್ರ ಹಾಗೇ ಇದ್ದವು. ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ.

"ಗಂಡ್ ಸಿಕ್ತ್ ಅಮ್ಮ! ನಿನ್ನ ಬಾನಿಯಗೇ ಇತ್ತ್!"

"ಸಿಕ್ತಾ! ಇನ್ನಾರೂ ಸಮಾ ಊಟ ಮಾಡ್." ಆಮೇಲೆ ಕೇಳಿದಳು, "ಉಳ್ದ ಹುಳ ಎಲ್ಲ ಎಲ್ಲಿತ್ತ್?"

"ಕಲ್ಲಿನಡಿಗೆ."

"ನಮ್ ಮನಿ ಉಳೀತ್ ಅಲ್ದಾ ಮಗಾ?" ತಪ್ಪು ಮಾಡಿದವಳ ದನಿಯಲ್ಲಿ ಕೇಳಿದಳು.

"ಉಳೀತ್ ಅಮ್ಮ," ಅಂದೆ. ನನಗೆ ಅಳು ಬಂದಿತ್ತು.