ಟೆಂಪೋದ ಹಿಂದೆ ನಿಲ್ಲುತ್ತಿದ್ದ ಚಾಚಿ

ಈ ಹೊತ್ತು ಅಂಗಳ ಗುಡಿಸಿದೆ, ನಳದ ನೀರು ಹಿಡಿದೆ, ಜೋಳದ ಹಿಟ್ಟು ಜರಡಿ ಹಿಡಿದೆ, ಮಗಳ ಹಳದಿ ಕುರ್ತಾ ಇಸ್ತ್ರಿ ಮಾಡಿದೆ, ಮೊಬೈಲು ಚಾರ್ಜಿಗೆ ಹಾಕಿದ್ದೀಯಾ ಎಂದು ಮತ್ತೆ ಮತ್ತೆ ಕೇಳಿ ಬೈಸಿಕೊಂಡೆ. ಆಮೇಲೆ ಪೇಟೆಗೆ ಹೋಗಿ ರಂಗೋಲಿ ಪುಡಿ ತಂದೆ. ಮನೆಯಲ್ಲಿ ಡಬ್ಬಿ ತುಂಬ ಇತ್ತು, ಆದರೂ ತಂದೆ.

ಮಗಳು ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸಿ ಎರಡು ವರ್ಷವಾಗುತ್ತ ಬಂತು. ಹೋದ ಕಡೆಯೆಲ್ಲ ‘ತಿಳಿಸುತ್ತೇವೆ’ ಎಂದವರು ತಿಳಿಸಿಲ್ಲ. ಈ ಹೊತ್ತು ಹುಬ್ಬಳ್ಳಿಯ ಒಂದು ಆಸ್ಪತ್ರೆಯವರು ವಿಡಿಯೊ ಕಾಲಿನಲ್ಲಿ ಮಾತಾಡಿಸುವವರಿದ್ದರು. ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಮಣೆ ಹಾಕಿ, ನೀರಿನ ತಂಬಿಗೆ ಪಕ್ಕಕ್ಕಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

“ಅಮ್ಮಾ, ಬಾಗಲದ ಸಂದ್ಯಾಗ ನಿನ್ನ ನೆಳ್ಳು ಕಾಣಸ್ತೈತಿ. ನೀ ಅಲ್ಲೇ ಕುಂತ್ರ ನನಗ ಮಾತು ಬರೂದಿಲ್ಲ.”

ಚೀಲ ತೆಗೆದುಕೊಂಡು ಹೊರಟೆ. ಕಿರಾಣಿ ಅಂಗಡಿಯವನು ಯಾರಿಗೋ ರಂಗೋಲಿ ಪುಡಿ ತೂಗುತ್ತಿದ್ದ. ಆ ಒಣ ಕಲ್ಲಿನ ವಾಸನೆ ಮೂಗಿಗೆ ಬಡಿದದ್ದೇ, ಚಾಚಿ ನೆನಪಾದರು...

ಚಾಚಿ ಆಗ ಹಳಿಯಾಳದ ನಮ್ಮ ಇದೇ ಮನೆಯ ಹಿತ್ತಲ ಗೋಡೆಯ ಆಚೆ ಇದ್ದವರು. ತವರು ಸಾಂಬ್ರಾಣಿ ಕಡೆ. ಗಂಡ ದಾಂಡೇಲಿಯ ಮಿಲ್ಲಿನಲ್ಲಿದ್ದು ತೀರಿಹೋಗಿದ್ದರು; ಇದ್ದದ್ದು ಒಬ್ಬನೇ ಮಗ. ಅವನು ಮಾವನ ಟೆಂಪೋ ಹೊಡೆಯುತ್ತಿದ್ದ. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಾಗ ಅವನ ವಯಸ್ಸು ಮೀರಲು ಬಂದಿತ್ತು. ಕರೆದರೆ ಇನ್ನೊಂದೆರಡು ಸಲ ಕರೆದಾರು, ಅಷ್ಟೇ.

ಪರೀಕ್ಷೆಯಲ್ಲಿ ಗಾಡಿಯನ್ನು ಬಿಳಿ ಗೆರೆಗಳ ನಡುವೆ ಹಿಂದಕ್ಕೆ ತಂದು, ಹಿಂದಿನ ಗಾಲಿಗಳನ್ನು ಚೌಕದೊಳಗೆ ನಿಲ್ಲಿಸಬೇಕಂತೆ. ಚಾಚಿ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದರು. ದಿನಾ ಹೊಸ್ತಿಲ ಮುಂದೆ ಹಾವಿನಂತೆ ಇಷ್ಟುದ್ದ ರಂಗೋಲಿ ಗೆರೆ ಎಳೆಯುತ್ತೀ, ನನಗೂ ಒಂದು ಎಳೆದುಕೊಡು ಎಂದರು. ನಮ್ಮ ಮನೆಯ ಪಕ್ಕದ ಸಂತೆ ಮೈದಾನದಲ್ಲಿ ಮಗ ಹಗ್ಗ ಹಿಡಿದ, ನಾನು ಅದರ ಗುಂಟ ಪುಡಿ ಉದುರಿಸುತ್ತ ಹೋದೆ. ವಾಕಿಂಗಿಗೆ ಬಂದ ಹಿರಿಯರೊಬ್ಬರು ಏನು ಹಬ್ಬ ಎಂದು ಕೇಳಿದರು. “ನಮ್ಮ ಹುಡುಗನ ನೌಕರಿ ಹಬ್ಬರಿ,” ಎಂದರು ಚಾಚಿ.

ಚೌಕದ ಕೊನೆಗೆ ಕೋಲು ನೆಡಬೇಕಿತ್ತು. ಚಾಚಿ ಕೋಲು ಬೇಡವೆಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಹೋಗಿ ಅಲ್ಲಿ ನಿಂತರು. ಮಗ ಟೆಂಪೋದಿಂದ ತಲೆ ಹೊರಗೆ ಹಾಕಿ, ಅಮ್ಮೀ ಪಕ್ಕಕ್ಕೆ ಸರಿ ಎಂದು ಎಷ್ಟು ಕೂಗಿದರೂ ಕದಲಲಿಲ್ಲ.

“ಕೋಲು ಬಿದ್ರ ಎತ್ತಿ ನಿಲ್ಲಸ್ತಿ. ನಾ ಬಿದ್ರ ಯಾರ್ ಎತ್ತೋರು? ನೋಡಿ ಹೊಡಿ.”

ದಿನಾ ಹಾಗೆಯೇ ನಡೆಯಿತು. ಟೆಂಪೋ ಕುಂಯ್‌ಗುಡುತ್ತ ಹಿಂದೆ ಬರುತ್ತಿತ್ತು, ಚಾಚಿ ಕೈಕಟ್ಟಿ ನಿಂತಿರುತ್ತಿದ್ದರು. ಒಂದು ದಿನವೂ ತಾಗಲಿಲ್ಲ. ಹುಡುಗ ತಯಾರಾದ ಎಂದು ಓಣಿಯೆಲ್ಲ ಹೇಳಿತು.

ಪರೀಕ್ಷೆಗೆ ಚಾಚಿಯೂ ಜೊತೆಗೆ ಹೋಗಿ ಕಂಪೌಂಡಿನ ಹೊರಗೆ ಕಾದರು. ಹುಡುಗ ಗೆರೆ ತುಳಿಯಲಿಲ್ಲ, ಗಾಡಿ ನಡುವೆ ಬಂದ್ ಬೀಳಲಿಲ್ಲ. ಆದರೆ ಚೌಕಕ್ಕೆ ಇನ್ನೂ ಮೊಳದಷ್ಟು ಇರುವಾಗಲೇ ನಿಲ್ಲಿಸಿಬಿಟ್ಟ. ಆಗಲಿಲ್ಲ ಎಂದು ಕಳಿಸಿದರು. ಮನೆಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ತಾಯಿಗೆ ಹೇಳಿದ:

“ಹಿಂದ ನೀನ ನಿಂತಂಗ ಆತು ಅಮ್ಮೀ. ಕಾಲು ತಾನಾಗೇ ಬ್ರೇಕಿಗೆ ಹೋತು.”

ಚಾಚಿ ಚಪ್ಪಲಿ ಮೆಟ್ಟಿ ತಮ್ಮ ಮನೆಯೊಳಗೆ ಹೋದರು... ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋದದ್ದು ನನಗೆ ಈಗಲೂ ಕಾಣುತ್ತದೆ.

ಪರೀಕ್ಷೆಗೆ ಮತ್ತೊಂದು ಕರೆ ಬಂತು, ಅದೇ ಕೊನೆಯದು. ಚಾಚಿ ತಮ್ಮ ಎರಡು ಪ್ಲಾಸ್ಟಿಕ್ ಕೊಡಗಳನ್ನು ತುಂಬಿ, ತಾವು ನಿಲ್ಲುತ್ತಿದ್ದ ಜಾಗದಲ್ಲಿಟ್ಟು ಬಂದರು. ಬಂದವರು ನಮ್ಮ ಅಡುಗೆಮನೆಯಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕೂತು ಅಕ್ಕಿ ಆರಿಸತೊಡಗಿದರು. ರಿವರ್ಸಿನ ಸದ್ದು ಕೇಳಿದಾಗಲೆಲ್ಲ ಬೆರಳು ನಿಲ್ಲುತ್ತಿದ್ದವು, ಸದ್ದು ನಿಂತ ಮೇಲೆ ಮತ್ತೆ ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಢಬ್ ಎಂದಿತು. ನಾನು ಎದ್ದು ಕಿಟಕಿಗೆ ಹೋದೆ. ಒಂದು ಕೊಡ ಒಡೆದು ನೀರು ರಂಗೋಲಿಯ ಮೇಲೆ ಹರಿಯುತ್ತಿತ್ತು.

“ಚಾಚಿ, ಕೊಡ ಹೋತ್ರಿ,” ಎಂದೆ.

“ಹೋಗ್ಲಿ ಬಿಡು ಬೇಟಿ. ಈಗ ಕಲೀತಾನ.”

ತಿರುಗಿ ನೋಡಲಿಲ್ಲ. ಆದರೆ ಕಲ್ಲು ಆರಿಸುವ ಬದಲು ಅಕ್ಕಿಯನ್ನೇ ಆರಿಸಿ ಆಚೆ ಹಾಕುತ್ತಿದ್ದರು. ಎರಡನೆಯ ಕೊಡವೂ ಆ ವಾರ ಹೋಯಿತು. ಮುಂದೆ ನಮ್ಮ ಮನೆಯ ಹಳೆಯ ಎಣ್ಣೆ ಡಬ್ಬಿ ಇಟ್ಟರು. ಅದು ಸ್ವಲ್ಪ ನೆಗ್ಗಿತು, ಉಳಿಯಿತು.

ಪರೀಕ್ಷೆಯ ದಿನ ಜೊತೆಗೆ ಹೋಗಲಿಲ್ಲ. ಮನೆಯ ಕೌದಿಗಳನ್ನೆಲ್ಲ ಹೊರಗೆ ತಂದು ಒಗೆದರು. ಮಧ್ಯಾಹ್ನ ಮಗ ಫೋನ್ ಮಾಡಿದಾಗ ಕೈ ಒದ್ದೆ ಇತ್ತು, ನಾನೇ ಅವರ ಕಿವಿಗೆ ಹಿಡಿದೆ. “ಹಾಂ... ಹಾಂ... ಊಟ ಮಾಡಿದ್ಯಾ?” ಎಂದರು. ಅವನು ಪಾಸಾದನೆಂದು ನನಗೆ ಗೊತ್ತಾದದ್ದು ಆ ಮೇಲೆ, ಉಳಿದ ಕೌದಿಯನ್ನು ನೀರಲ್ಲೇ ಬಿಟ್ಟು ಕಟ್ಟೆಗೆ ಕೂತು, ನೀನೇ ಹಿಂಡು ಎಂದು ನನ್ನನ್ನು ಕರೆದಾಗ.

ಆಮೇಲೆ ಮಗನ ಬಸ್ಸಿನಲ್ಲಿ ಆಗಾಗ ಜೋಯಿಡಾಕ್ಕೆ ಹೋಗಿಬರುತ್ತಿದ್ದರು. ಮುಂದೆ ಹೆಂಗಸರ ಸೀಟು ಖಾಲಿ ಇದ್ದರೂ ಕೊನೆಯ ಸೀಟಿಗೆ ಹೋಗುತ್ತಿದ್ದರು. ಯಾಕೆಂದು ಕೇಳಿದರೆ, ಮುಂದೆ ಕೂತರೆ ಅವನು ನನ್ನನ್ನು ನೋಡುತ್ತಾನೆ, ರಸ್ತೆ ನೋಡುವುದಿಲ್ಲ ಎನ್ನುತ್ತಿದ್ದರು. ಮುಂದೆ ಮಗನ ಜೊತೆ ಮುಂಡಗೋಡಕ್ಕೆ ಹೋದರು. ಅಲ್ಲೇ ತೀರಿಕೊಂಡರು. ಸುದ್ದಿ ನಮಗೆ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ.

ನಾನು ಪೇಟೆಯಿಂದ ಬರುವಷ್ಟರಲ್ಲಿ ಮಗಳ ಮಾತು ಮುಗಿದಿತ್ತು. ಕುರ್ತಾ ಬದಲಿಸಿ ಬಟ್ಟೆ ಮಡಚುತ್ತಿದ್ದಳು. ನಾನು ಕೇಳಲಿಲ್ಲ. ರಂಗೋಲಿ ಯಾಕೆ ತಂದೆ ಎಂದು ಅವಳು ಕೇಳಿದಳು, ಖಾಲಿಯಾಗಿತ್ತು ಎಂದೆ. ಸಂಜೆ ಲೋಟ ತೊಳೆಯುತ್ತ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಮುಂದಿನ ವಾರ ತಿಳಿಸುತ್ತಾರಂತೆ ಎಂದಳು. ಇದನ್ನು ಚಾಚಿಗೆ ಹೇಳಬೇಕೆಂದು ಹಿತ್ತಲ ಗೋಡೆಯವರೆಗೆ ಹೋದೆ. ಆಚೆ ಈಗ ಬೇರೆಯವರ ಮೋಟರ್‌ಸೈಕಲ್ ನಿಲ್ಲುತ್ತದೆ.

ರಾತ್ರಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಮಗಳು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ಅವಳೇ ಮೊದಲು ಮಲಗಿದಳು.