ಡೈರಿ ನಂಬರುಗಳ ಅರ್ಜಿ

ಬೆಳಗ್ಗೆ ಐದೂಮುಕ್ಕಾಲು. ಚಿಕ್ಕಕೊಂಡೇನಹಳ್ಳಿಯ ಹಾಲಿನ ಡೈರಿ ಮುಂದೆ ಕ್ಯಾನುಗಳ ಸಾಲು ಆಗಲೇ ಬೇವಿನ ಮರ ದಾಟಿದೆ. ಒಳಗೆ ಟೆಸ್ಟರ್ ಶಶಿರೇಖಾ ಒಂದೊಂದು ಕ್ಯಾನಿನಿಂದಲೂ ಚೂರು ಹಾಲು ತೆಗೆದು ಯಂತ್ರಕ್ಕಿಡುತ್ತಾರೆ, ನಂಬರು ಒತ್ತುತ್ತಾರೆ, ಚೀಟಿ ಹರಿದು ಕೊಡುತ್ತಾರೆ. ಕೈ ಎಂದಿನಂತೆ ಚುರುಕು. ಕಣ್ಣು ಮಾತ್ರ ಬಾಗಿಲ ಕಡೆಗೇ. ಹೊರಗೆ ಯಾವುದೋ ಬೈಕು ನಿಂತರೆ ಸಾಕು, ಕತ್ತೆತ್ತಿ ನೋಡುತ್ತಾರೆ.

ಹೊಸಕೋಟೆ ಸೀಮೆಯ ಈ ಊರಿನಲ್ಲಿ ಅವರು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ದಿನಕ್ಕೆರಡು ಹೊತ್ತು, ಆರುನೂರು ಲೀಟರ್ ಹಾಲು, ನೂರಾ ಹದಿನೈದು ಮನೆ. ಹಬ್ಬವಿಲ್ಲ, ರಜೆಯಿಲ್ಲ, ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ. ಇಷ್ಟು ದುಡಿದರೂ ಕೆಲಸ ಕಾಯಂ ಆಗಿಲ್ಲ. ಗಂಡ ನಂದೀಶ್‌ಗೆ ಗೋದಾಮಿನಲ್ಲಿ ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಮನೆ ನಡೆಯುವುದು ಈ ಯಂತ್ರದ ಮುಂದಿನ ಸ್ಟೂಲಿನಿಂದಲೇ.

ಹೊರದೇಶದ ಕಂಪನಿಗಳ ಹಾಲಿನ ಪುಡಿಯನ್ನು ಸುಂಕವಿಲ್ಲದೆ ಒಳಗೆ ಬಿಡುವ ಒಪ್ಪಂದವಾಗುತ್ತದಂತೆ ಎಂಬ ಸುದ್ದಿ ಊರಿಗೆ ಬಂದದ್ದು ರೈತ ಸಂಘದ ಹೆಣ್ಣುಮಕ್ಕಳ ಸಭೆಯಲ್ಲಿ. ಪುಡಿ ಅಗ್ಗವಾದರೆ ಈ ಕ್ಯಾನುಗಳನ್ನು ಕೇಳುವವರಾರು? ಒಪ್ಪಂದ ಬೇಡವೆಂದು ದೆಹಲಿಗೆ ಅರ್ಜಿ ಬರೆಯುವುದೆಂದಾಯಿತು. ಸಹಿ ಹಾಕಿಸುವ ಕೆಲಸ ಶಶಿರೇಖಾ ಹೆಗಲಿಗೆ ಬಿತ್ತು. ಊರಿನವರೆಲ್ಲ ದಿನಾ ಸಿಗುವುದು ಅವರೊಬ್ಬರಿಗೇ ತಾನೇ.

ಎಡವಟ್ಟಾದದ್ದು ಅಲ್ಲಿಯೇ. ಊರಿನಲ್ಲಿ ಮುನಿಯಮ್ಮಂದಿರೇ ಒಂಬತ್ತು ಜನ. ಗುರುತು ಸಿಗಲೆಂದು ಎಲ್ಲರೂ ಸಹಿಯ ಪಕ್ಕ, ಹಾಲು ಹಾಕುವ ಮನೆಗೊಂದರಂತೆ ಇರುವ ಡೈರಿ ನಂಬರು ಬರೆದರು. ಸಹಿ ಬಾರದವರು ಬರೀ ನಂಬರು ಬರೆಸಿದರು. ಒಟ್ಟು ನೂರಾ ಹನ್ನೆರಡು. ಯಾವ ನಂಬರು ಯಾರದೆಂದು ಡೈರಿಯ ಯಂತ್ರ ಕ್ಷಣದಲ್ಲಿ ಹೇಳಿಬಿಡುತ್ತದೆ.

ಹೋದ ಗುರುವಾರ ಡೈರಿಯ ಅಧ್ಯಕ್ಷ ವೆಂಕಟರಾಯಪ್ಪ ಬಂದರು. "ನೋಡಮ್ಮ ಶಶಿ, ಡೈರೀಲಿ ಇವೆಲ್ಲ ಯಾಕೆ? ಯಾರೋ ದೊಡ್ಡೋರು ಫೋನ್ ಮಾಡಿ ಕೇಳ್ತಾವ್ರೆ. ಸೋಮವಾರ ಆ ಹಾಳೆ ನನ್ ಕೈಗೆ ಕೊಟ್ಬಿಡು" ಎಂದರು. ಯಾವ ದೊಡ್ಡವರು, ಹಾಳೆ ಏತಕ್ಕೆ, ಎರಡನ್ನೂ ಹೇಳಲಿಲ್ಲ. ಬಿಡಿಸಿ ಹೇಳಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲವೇನೋ.

"ಒಂದೇ ಹಸ ಇಟ್ಕೊಂಡಿರೋರು ಎಷ್ಟು ಜನವ್ರೆ. ನಿನ್ ಹಾಲಿಗೆ ಡಿಗ್ರಿ ಇಲ್ಲ, ನೀರ್ ಬೆರ್ಸಿದೀಯ ಅಂತ ವಾಪಸ್ ಕಳ್ಸಿದ್ರೆ ಅವ್ರು ಎಲ್ಲಿಗ್ ಹೋಗ್ತಾರೆ? ಹಂಗೆ ಹೇಳೋ ಕೆಲ್ಸಾನೂ ನನ್ ಕೈಲೇ ಮಾಡಿಸ್ತಾರೆ" ಎನ್ನುತ್ತಾರೆ ಶಶಿರೇಖಾ. ಆ ಗುರುವಾರದಿಂದ ಸಹಿಯ ಹಾಳೆಗಳು ಅವರ ಮನೆಯ ರಾಗಿ ಡಬ್ಬದೊಳಗಿದ್ದವು.

ಇಂದು ಸೋಮವಾರ. ಹಾಳೆಗಳು ಯಂತ್ರದ ಪಕ್ಕದಲ್ಲಿವೆ. ಹೆದರಿಕೆ ಇದ್ದವರು ನಂಬರು ಹೊಡೆದುಹಾಕಿಸಿಬಿಡಿ ಎಂದು ಅವರು ಒಬ್ಬೊಬ್ಬರಿಗೂ ಮೆಲ್ಲಗೆ ಹೇಳುತ್ತಾರೆ. ನಾಲ್ವರು ಹೊಡೆದುಹಾಕಿಸುತ್ತಾರೆ. ಅವರ ಸಹಿ, ನಂಬರುಗಳ ಮೇಲೆ ಶಶಿರೇಖಾ ಏನೂ ಕಾಣದಂತೆ ಗೀಚುತ್ತಾರೆ. ಆ ನಾಲ್ವರನ್ನು ಬೈಯುವ ಹಕ್ಕು ನಮಗ್ಯಾರಿಗೂ ಇಲ್ಲ.

ಆಮೇಲೆ ಬರುವವರು ಒಂದೇ ಹಸುವಿನ ಅಮ್ಮಯಮ್ಮ. ಎಪ್ಪತ್ತು ದಾಟಿದೆ. ಅಕ್ಷರ ಬಾರದಿದ್ದರೂ ನಂಬರು ಓದಬಲ್ಲರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಏನೋ ಹುಡುಕುತ್ತಾರೆ.

"ಹೊಡ್ದಾಕ್ಲಾ ಅಜ್ಜಿ?"

"ನಂದಿರ್ಲಿ ಬಿಡು. ನಿಂದೆಲ್ಲೇ ಶಶಿ? ಏಳನೇ ನಂಬ್ರು ಕಾಣಿಸ್ತಾನೇ ಇಲ್ಲ."

ಶಶಿರೇಖಾ ತಲೆ ತಗ್ಗಿಸುತ್ತಾರೆ. ಊರಿಗೆಲ್ಲ ಸಹಿ ಹಾಕಿಸಿದವರು ತಮ್ಮದನ್ನೇ ಹಾಕಿಲ್ಲ. "ಕೆಲ್ಸ ಹೋಗ್ಬಿಡ್ತದೆ ಅಂತ ಭಯ ಆಯ್ತಜ್ಜಿ" ಎನ್ನುತ್ತಾರೆ. ಅಮ್ಮಯಮ್ಮ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಡುತ್ತಾರೆ. ಬೈದಿದ್ದರೇ ವಾಸಿಯಿತ್ತು.

ಹಾಲಿನ ಲಾರಿ ಹೋದ ಮೇಲೆ ಶಶಿರೇಖಾ ಡೈರಿಗೆ ಬೀಗ ಹಾಕುತ್ತಾರೆ. ಅಧ್ಯಕ್ಷರ ಮನೆ ಎಡಕ್ಕೆ. ಶಶಿರೇಖಾ ಹಾಳೆಗಳನ್ನು ಹಿಡಿದು ಬಲಕ್ಕೆ ತಿರುಗಿ ಹೊಸಕೋಟೆ ಬಸ್ಸು ಹತ್ತುತ್ತಾರೆ. ಅಂಚೆ ಕಚೇರಿಯಲ್ಲಿ ಲಕೋಟೆ ಅಂಟಿಸುವ ಮುನ್ನ ಯಾರದೋ ಪೆನ್ನು ಕೇಳಿ ಪಡೆದು ಮೊದಲ ಹಾಳೆಯಲ್ಲಿ ಏನೋ ಬರೆಯುತ್ತಾರೆ. ಸ್ಪೀಡ್ ಪೋಸ್ಟ್ ರಸೀದಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಳ್ಳುತ್ತಾರೆ. ಸಂಜೆ ಹಾಲಿನ ಹೊತ್ತಿಗೆ ಅಧ್ಯಕ್ಷರು ಬಂದೇ ಬರುತ್ತಾರೆ.

"ಭಯ ಐತೆ, ಸುಳ್ಳ್ಯಾಕೆ ಹೇಳ್ಲಿ. ನಾಳೆನೂ ಈ ಜನದ ಹಾಲು ನಾನೇ ನೋಡ್ಬೇಕು, ಅದೊಂದೇ ಆಸೆ" ಎನ್ನುತ್ತಾರೆ ಬಸ್ಸು ಕಾಯುತ್ತಾ. ಆಮೇಲೆ ತಾವೇ ಹೇಳುತ್ತಾರೆ: "ಕೆಳಗಡೆ ಜಾಗ ಇರ್ಲಿಲ್ಲ. ಏಳನೇ ನಂಬ್ರುನ ಎಲ್ರಿಗಿಂತ ಮೇಲೆ ಬರ್ದಿವ್ನಿ. ಯಾರಾದ್ರೂ ಹುಡುಕ್ಕೊಂಡ್ ಬರೋದಾದ್ರೆ ಮೊದ್ಲು ನನ್ ಹತ್ರಾನೇ ಬರ್ಲಿ."