ವರ್ಡೆಲ್ ಓಡಿಸಿದ ಸಂಘದ ಲಾರಿ

ಅಲಬಾಮಾದ ನಮ್ಮ ಊರಿನಲ್ಲಿ ಬೆಂಡೆಕಾಯಿ ಬೆಳೆಯುವುದು ಕಷ್ಟವಲ್ಲ, ಮಾರುವುದು ಕಷ್ಟವಾಗಿತ್ತು. ಬರುತ್ತಿದ್ದವನು ಒಬ್ಬನೇ ದಲ್ಲಾಳಿ. ಬಿಳಿಯರ ಮಾಲು ತುಂಬಿದ ಮೇಲೆ ಲಾರಿಯಲ್ಲಿ ಜಾಗ ಉಳಿದರೆ ಮಾತ್ರ ನಮ್ಮ ಕರಿಯರ ಹೊಲಗಳತ್ತ ತಿರುಗುತ್ತಿದ್ದ. ಅಷ್ಟರಲ್ಲಿ ಕಾಯಿ ಬಲಿತು ನಾರಾಗಿರುತ್ತಿತ್ತು. ಬೇಸತ್ತ ಊರವರು ಚರ್ಚಿನಲ್ಲಿ ಸಭೆ ಸೇರಿ ಸಹಕಾರ ಸಂಘ ಕಟ್ಟಿದರು. ಎಲ್ಲರೂ ಕೈಲಾದಷ್ಟು ಹಾಕಿ ಹಳೆಯದೊಂದು ಲಾರಿ ಕೊಂಡರು. ಎಪ್ಪತ್ತರ ದಶಕದ ಮಾತಿದು.

ಅದನ್ನು ಓಡಿಸುತ್ತೇನೆಂದು ಎದ್ದು ನಿಂತವಳು ನನ್ನ ಪಕ್ಕದ ಮನೆಯ ವರ್ಡೆಲ್ ಟಾಲ್ಬರ್ಟ್. ಮದುವೆಯಾದಾಗಿನಿಂದ ಟ್ರ್ಯಾಕ್ಟರ್ ಓಡಿಸಿದ ಕೈ ಅವಳದು. ಆದರೂ ಗಂಡ ಲೂಥರ್ ಸಭೆಯಲ್ಲೇ ನಕ್ಕ.

"ನಿನ್ನ ಕಾಲು ಬ್ರೇಕಿಗೆ ಎಟುಕುತ್ತೇನೇ?"

"ನಿನ್ನ ಬೆನ್ನಿಗಂತೂ ಎಟುಕುತ್ತೆ. ಸುಮ್ನೆ ಕೂತ್ಕೋ!"

ಪಾದ್ರಿಗಳೂ ನಗು ತಡೆಯಲಾರದೆ ಹೋದರು.

ಮೊದಲ ಸಲ ಬರ್ಮಿಂಗ್‌ಹ್ಯಾಮ್ ಪೇಟೆಗೆ ಹೊರಟಾಗ ಜೊತೆಗೆ ನಾನಿದ್ದೆ. ಅರ್ಧ ದಾರಿಯಲ್ಲಿ ಇಂಜಿನ್ ಕಾದು ಹೊಗೆಯುಗುಳಿತು. ಅದು ತಣ್ಣಗಾಗುವವರೆಗೆ ಕಾಯಿ ಬಾಡಬಾರದೆಂದು ಬುಟ್ಟಿಗಳನ್ನು ಇಳಿಸಿ ಮರದ ನೆರಳಿಗಿಟ್ಟೆವು. ಅಷ್ಟರಲ್ಲಿ ಒಂದು ಕಾರು ನಿಂತಿತು.

"ಮಾರಾಟಕ್ಕಾ?" ಎಂದು ಒಳಗಿದ್ದ ಹೆಂಗಸು ಕೇಳಿದಳು.

ಇಲ್ಲ, ಪೇಟೆಗೆ ಎನ್ನಲು ನಾನು ಬಾಯಿ ತೆರೆದೆ. ವರ್ಡೆಲ್ ನನ್ನ ತೊಡೆ ಚಿವುಟಿದಳು.

"ಮಾರಾಟಕ್ಕೇ ತಾಯಿ, ಬೆಳಿಗ್ಗೆ ಕೊಯ್ದಿದ್ದು. ಸದ್ದು ಕೇಳಿ ಬೇಕಾದ್ರೆ!" ಎಂದು ಒಂದು ಕಾಯಿಯ ತುದಿಯನ್ನು ಲಟಕ್ಕನೆ ಮುರಿದಳು.

ಒಂದು ಕಾರು ನಿಂತದ್ದು ನೋಡಿ ಇನ್ನೊಂದು ನಿಂತಿತು. ಇಂಜಿನ್ ತಣ್ಣಗಾಗುವಷ್ಟರಲ್ಲಿ ಅರ್ಧ ಮಾಲು ಖಾಲಿಯಾಗಿತ್ತು. ಉಳಿದದ್ದನ್ನು ಪೇಟೆಗೆ ಮುಟ್ಟಿಸಿದೆವು.

ಊರಿಗೆ ಮರಳಿದಾಗ ಸಂಘದ ಅಧ್ಯಕ್ಷ ಕ್ಲಿಯೋಫಸ್ ಚಿಕ್ಕಪ್ಪ ಮುಖ ಗಂಟಿಕ್ಕಿದ.

"ದಾರೀಲಿ ಮಾರು ಅಂತ ನಿಂಗೆ ಯಾರಮ್ಮ ಹೇಳಿದ್ದು?"

"ಇಂಜಿನ್ ಹೇಳ್ತು, ಚಿಕ್ಕಪ್ಪ."

ಮರುವರ್ಷ ಅದೇ ಮರದ ಹತ್ತಿರ ಸಂಘದ ಅಂಗಡಿ ಎದ್ದಿತು. ಹಲಗೆ ಹೊಡೆದವನು ಲೂಥರನೇ. ಮಾರಾಟದ ಧೈರ್ಯ ಬಂದಮೇಲೆ ಜನ ಬೀಳುಬಿಟ್ಟ ಹೊಲಗಳನ್ನೂ ಉತ್ತು ಸಿಹಿಗೆಣಸು, ಕಲ್ಲಂಗಡಿ ಹಾಕಿದರು. ಸಂಘ ಒಟ್ಟಿಗೆ ತರಿಸಿದ ಬೀಜ, ಗೊಬ್ಬರವನ್ನು ಅವಳ ಲಾರಿಯೇ ಮನೆಮನೆಗೆ ಹಂಚಿತು.

ಒಂದು ಬೇಸಿಗೆ ಹಳೆಯ ದಲ್ಲಾಳಿ ಖಾಲಿ ಲಾರಿಯೊಂದಿಗೆ ಮಾಲು ಕೇಳಿಕೊಂಡು ಅವಳ ಅಂಗಳಕ್ಕೇ ಬಂದ. ವರ್ಡೆಲ್ ಕೂರಿಸಿ ತಣ್ಣನೆಯ ಸಿಹಿ ಚಹಾ ಕೊಟ್ಟಳು.

"ಮಾಲು ಸಂಘದ್ದು ಸ್ವಾಮಿ. ಗುರುವಾರ ಸಭೆ ಇದೆ, ಬಂದು ಕೇಳಿ."

ಅವನು ಬಂದ. ಚರ್ಚಿನ ಹಿಂದಿನ ಬೆಂಚಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ತನ್ನ ಸರದಿ ಬರುವವರೆಗೆ ಕಾದು ಕೂತ.